ಗುಮ್ಮನ ಕಣ್ಣಿಗಾಗಿ ಫಿನ್‌ಲ್ಯಾಂಡಿಗೆ

ಹಳಿಯಾಳ

ಮಾಡಿದ ಕೆಲಸಕ್ಕೆ ಬೈಸಿಕೊಂಡವರು ನಮ್ಮೂರಲ್ಲಿ ಬೇಕಾದಷ್ಟು ಜನ ಸಿಗುತ್ತಾರೆ. ಮಾಡದ ಕೆಲಸಕ್ಕೆ ಹೊಗಳಿಸಿಕೊಂಡು, ಆ ಹೊಗಳಿಕೆ ತಡೆಯಲಾರದೆ ವಿಮಾನ ಹತ್ತಿದವಳು ಬಹುಶಃ ನಾನೊಬ್ಬಳೇ.

ನನ್ನ ಕೆಲಸ ಏನೆಂದು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನಮ್ಮ ಓಣಿಯವರ ಹಾಗೆ ನೀವೂ ನನ್ನನ್ನು ಡ್ರಾಯಿಂಗ್ ಟೀಚರ್ ಅಂದುಕೊಂಡು ಮಗನ ಪ್ರಾಜೆಕ್ಟು ತಂದು ಕೈಯಲ್ಲಿಡುತ್ತೀರಿ. ಕಂಪ್ಯೂಟರ್ ಆಟಗಳಲ್ಲಿ ಬರುವ ಭೂತ, ರಾಕ್ಷಸ, ಎರಡು ತಲೆಯ ಹಕ್ಕಿ, ಇವೆಲ್ಲ ಹೇಗಿರಬೇಕೆಂದು ಮೊದಲು ಯಾರಾದರೂ ಚಿತ್ರ ಬರೆದು ತೋರಿಸಬೇಕಲ್ಲ, ಆ ಯಾರಾದರೂ ನಾನು. ಎಲುಬು ಎಲ್ಲಿ ಬಾಗುತ್ತದೆ, ಓಡುವಾಗ ಯಾವ ಕಾಲು ಮುಂದೆ ಬರುತ್ತದೆ, ಹಸಿವಾದರೆ ಏನು ತಿನ್ನುತ್ತದೆ ಎಂದೆಲ್ಲ ಯೋಚಿಸಿ ಇಲ್ಲದ ಪ್ರಾಣಿಯನ್ನು ಇರುವಂತೆ ಮಾಡುವುದು. ಹಳಿಯಾಳದ ಮನೆಯ ಮಾಳಿಗೆಯ ಮೇಲೆ ಕೂತು ಫಿನ್‌ಲ್ಯಾಂಡಿನ ಒಂದು ಸಣ್ಣ ಸ್ಟುಡಿಯೊಗೆ ಚಿತ್ರ ಬರೆದುಕೊಡುತ್ತಿದ್ದೆ. ಕರೆಂಟು ಇದ್ದರೆ ರಾಕ್ಷಸ, ಹೋದರೆ ಅಡುಗೆ.

ಆ ಸ್ಟುಡಿಯೊದವರು ಕಾಡಿನ ಆಟವೊಂದನ್ನು ಮಾಡುತ್ತಿದ್ದರು. ಅಲ್ಲಿಯವರೆಗೆ ನನ್ನಿಂದ ಮರ, ಕಲ್ಲು, ಹಾಳುಮನೆ ಬರೆಸಿಕೊಂಡಿದ್ದವರು ಕಡೆಗೊಮ್ಮೆ ಕಾಡು ಕಾಯುವ ದೊಡ್ಡ ಪ್ರಾಣಿಯೊಂದು ಬೇಕು ಅಂದರು. ನಾನು ಗುಮ್ಮನನ್ನು ಬರೆದೆ. ಊಟ ಮಾಡದ ಮಕ್ಕಳನ್ನು ಹೆದರಿಸಲು ಕರೆಯುತ್ತೇವಲ್ಲ, ಅದೇ ಗುಮ್ಮ. ಅವನನ್ನು ಯಾರೂ ಕಂಡಿಲ್ಲವಾದ್ದರಿಂದ ಹೀಗಿಲ್ಲ ಎಂದು ಯಾರೂ ತಕರಾರು ತೆಗೆಯುವಂತಿಲ್ಲ. ಕಾಡುಕೋಣದ ಭುಜ, ದಾಂಡೇಲಿಯ ಮಂಗಟ್ಟೆ ಹಕ್ಕಿಗೆ ಕೊಕ್ಕಿನ ಮೇಲಿರುವಂಥ ಹಳದಿ ಕೊಂಬು, ಅಣಶಿ ಕಾಡಿನ ಮರಗಳ ಬೇರಿನಂತೆ ಹರಡಿದ ಪಾದ. ಕಣ್ಣು ಕುಳಗಿಯದು. ಅಲ್ಲಿನ ಅರಣ್ಯ ಇಲಾಖೆಯ ಕ್ಯಾಂಪಿನಲ್ಲಿ ಉಳಿದಿದ್ದಾಗ ಒಂದು ಬೆಳಿಗ್ಗೆ ದಾರಿಯ ನಡುವೆ ಕಾಡುಕೋಣವೊಂದು ನಿಂತು ನನ್ನನ್ನು ನೋಡಿತ್ತು. ಸಿಟ್ಟಿಲ್ಲ, ಹೆದರಿಕೆಯಿಲ್ಲ. ತನ್ನ ಮನೆಯ ಕಟ್ಟೆಯ ಮೇಲೆ ಬಂದು ಕೂತ ದಾರಿಹೋಕನನ್ನು ಮನೆಯ ಹಿರಿಯಳು ನೋಡುವ ಹಾಗೆ, ಕೂಡುವುದಿದ್ದರೆ ಕೂಡು, ಆದರೆ ಏನನ್ನೂ ಮುಟ್ಟಬೇಡ ಎಂಬಂತೆ ನೋಡಿತು. ಆ ನೋಟಕ್ಕಾಗಿಯೇ ಉಳಿದ ಮೈಯನ್ನೆಲ್ಲ ಕಟ್ಟಿದ್ದೆ.

ಆದರೆ ಆ ಕಣ್ಣನ್ನು ನಾನು ಬರೆಯಲಿಲ್ಲ. ಮರೆತದ್ದಲ್ಲ. ನಮ್ಮದು ಗಣಪತಿ ಮಾಡುವ ಮನೆ. ಮೂರ್ತಿಗೆ ಮೈ, ಬಣ್ಣ, ಒಡವೆ ಎಲ್ಲ ಆಗಿ, ಒಯ್ಯುವವರು ಬಂದು ಒಪ್ಪಿದ ಮೇಲೆ, ಕಟ್ಟಕಡೆಗೆ ಕಣ್ಣು ಬರೆಯುವುದು. ಬರೆಯುವಾಗ ಮೂರ್ತಿಯ ಎದುರಿಗೆ ಯಾರೂ ನಿಲ್ಲಬಾರದು. ಅದರ ಮೊದಲ ನೋಟ ಮನುಷ್ಯರ ಮೇಲೆ ಬೀಳಬಾರದೆಂದು ಅಪ್ಪ ಎಲ್ಲರನ್ನೂ ಬದಿಗೆ ಸರಿಸುತ್ತಾನೆ. ಸಣ್ಣಂದಿನಿಂದ ಇದನ್ನೇ ಕಂಡ ಕೈಗೆ ಬೇರೆ ಅಭ್ಯಾಸವಿಲ್ಲ. ಗುಮ್ಮನನ್ನೂ ಹಾಗೇ ಕಣ್ಣಿಲ್ಲದೆ ಕಳಿಸಿ, ಮೈ ಒಪ್ಪಿಗೆಯಾದರೆ ತಿಳಿಸಿ ಎಂದು ಬರೆದೆ. ಒಪ್ಪಿಗೆ ಎಂದು ಉತ್ತರ ಬಂತು. ಇನ್ನು ಕಣ್ಣು ಬರೆಯಿರಿ ಎಂದು ಅವರು ಹೇಳಲಿ ಅಂತ ಕಾದೆ. ಬೆಂಗಳೂರಿನ ಗಿರಾಕಿಗಳಾದರೆ ಅದೇ ಸಂಜೆ ಫೋನು ಮಾಡಿ, ಮೇಡಂ ಕಣ್ಣೆಲ್ಲಿ ಎಂದು ಜೀವ ತಿನ್ನುತ್ತಾರೆ. ಇವರು ತುಟಿಪಿಟಕ್ಕೆನ್ನಲಿಲ್ಲ. ನಿಧಾನದ ಜನ ಇರಬೇಕು ಅಂದುಕೊಂಡು ಬೇರೆ ಕೆಲಸಕ್ಕೆ ಕೈ ಹಾಕಿದೆ.

ವರ್ಷ ಕಳೆದು ಮಳೆಗಾಲದಲ್ಲಿ ಅವರ ಪತ್ರ ಬಂತು. ಕಣ್ಣನ್ನೇ ತೆಗೆದುಹಾಕಿದ ನನ್ನ ಧೈರ್ಯ ಅವರಿಗೆ ಬಹಳ ಹಿಡಿಸಿದೆಯಂತೆ. ಅದನ್ನು ನೋಡಿ ಆಟವನ್ನೇ ಬದಲಾಯಿಸಿದ್ದಾರಂತೆ. ಗುಮ್ಮ ಈಗ ಕುರುಡ, ಸದ್ದು ಕೇಳಿ ಬೇಟೆಯಾಡುತ್ತಾನೆ. ನಾನು ಬಂದು, ಕಣ್ಣು ತೆಗೆಯುವ ವಿಚಾರ ಹೇಗೆ ಹೊಳೆಯಿತು ಎಂದು ಅವರ ತಂಡಕ್ಕೆಲ್ಲ ಒಂದು ಭಾಷಣ ಮಾಡಬೇಕು. ಆ ವಾರದ ಕೊನೆಗೆ ಗುಮ್ಮನ ರೂಪಕ್ಕೆ ಬೀಗ ಹಾಕುತ್ತಾರೆ, ಆಮೇಲೆ ಯಾರೂ ಒಂದು ಕೂದಲನ್ನೂ ಅಲುಗಿಸುವಂತಿಲ್ಲ.

ನನಗೆ ಮೈಯೆಲ್ಲ ಉರಿಯಿತು. ಅಪ್ಪನಿಗೆ ಚಿತ್ರ ತೋರಿಸಿದೆ. ಗಣಪತಿಯ ಸೊಂಡಿಲಿಗೆ ಮಣ್ಣು ಮೆತ್ತುತ್ತಿದ್ದವನು ಕೈ ಒರೆಸಿಕೊಂಡು ಫೋನು ಹಿಡಿದು ಬಹಳ ಹೊತ್ತು ನೋಡಿದ.

“ಕಣ್ಣಿಲ್ದಂಗ ಮನಿ ಬಿಟ್ಟು ಹೋಗೇತೇನಿದು?”

ಹೌದು ಅಂದೆ.

“ಹೋಗಿ ಬರದ ಬಾ. ಬರಿಯಾಕ ಬಿಡಲಿಲ್ಲಂದ್ರ ನಿನ್ನ ಹೆಸರ ತಗಸಿ ಬಾ. ಚೌತಿಯೊಳಗ ಇಲ್ಲಿರಬೇಕ ಮತ್ತ. ಇವಕ್ಕ ಕಣ್ಣು ಬರಿಯಾಕ ನನ್ನ ಕೈ ನಡಗತಾವ.”

ಎರಡು ವರ್ಷದಿಂದ ಮನೆಯ ಗಣಪತಿಗಳಿಗೆಲ್ಲ ಕಣ್ಣು ಬರೆಯುವವಳು ನಾನೇ. ಅಪ್ಪ ಹೇಳಿದ್ದರಲ್ಲಿ ನನಗೆ ನಾಟಿದ್ದು, ಆಟ ಮಾಡಿದವರ ಪಟ್ಟಿಯಲ್ಲಿ ಬರುವ ನನ್ನ ಹೆಸರಿನ ಮಾತು. ಮೊದಲ ಸಲ ನನ್ನ ಪ್ರಾಣಿಯೊಂದು ಆಟದ ಮುಖವಾಗಿ ಜಗತ್ತಿಗೆಲ್ಲ ಹೋಗುವುದಿತ್ತು, ಅದೂ ನೋಟವಿಲ್ಲದೆ. ಕುಳಗಿಯ ಆ ನೋಟ ಹೋದಮೇಲೆ ಉಳಿಯುವುದು ಭುಜ, ಕೊಂಬು, ಪಾದ. ಅದಕ್ಕೆ ನನ್ನ ಹೆಸರು ಯಾಕೆ ಬೇಕು?

ಮುಂಬಯಿ ವಿಮಾನ ನಿಲ್ದಾಣ

ನನ್ನ ಜೊತೆ ಜೂಲಿ ಬಂದಳು. ನಾನು ಕಾಗದದ ಮೇಲೆ ಬರೆದ ಪ್ರಾಣಿಯನ್ನು ಕಂಪ್ಯೂಟರಿನೊಳಗೆ ಸುತ್ತಲೂ ತಿರುಗಿಸಿ ನೋಡುವಂತೆ, ಮಣ್ಣಿನಲ್ಲಿ ಮಾಡಿದಂತೆ ಕಟ್ಟುವವಳು ಅವಳು. ಗುಮ್ಮನನ್ನು ಕಟ್ಟಿದವಳೂ ಅವಳೇ, ಆದ್ದರಿಂದ ಅವಳಿಗೂ ಕರೆ ಬಂದಿತ್ತು. ಹಳಿಯಾಳ ತಾಲೂಕಿನ ಸಿದ್ದಿ ಹುಡುಗಿ, ಹಿರಿಯರು ಎಷ್ಟೋ ತಲೆಮಾರಿನ ಹಿಂದೆ ಆಫ್ರಿಕಾದಿಂದ ಬಂದವರು, ಈಗ ದಾಂಡೇಲಿಯಲ್ಲಿ ಕೋಣೆ ಮಾಡಿಕೊಂಡಿದ್ದಾಳೆ. ಅಣ್ಣ ಮುಂಡಗೋಡದ ಚಿಗಳ್ಳಿ ಕಡೆ ಹೊಲ ಮಾಡುತ್ತಾನೆ. ಮನೆಯಲ್ಲಿ ಕೊಂಕಣಿ, ಓಣಿಯಲ್ಲಿ ಮರಾಠಿ, ನನ್ನೊಡನೆ ಕನ್ನಡ, ಸಿಟ್ಟು ಬಂದರೆ ಮೂರೂ.

ಮುಂಬಯಿಯಲ್ಲಿ ಆ ಸಿಟ್ಟು ಬಂತು. ಪಾಸ್‌ಪೋರ್ಟು ನೋಡುವವನು ಅವಳ ಮುಖ, ಗುಂಗುರು ಕೂದಲು ನೋಡಿದ, ಪುಸ್ತಕ ನೋಡಿದ, ಮತ್ತೆ ಮುಖ ನೋಡಿದ. ಮೂಲತಃ ಯಾವ ದೇಶ ಎಂದು ಇಂಗ್ಲಿಷಿನಲ್ಲಿ ಕೇಳಿದ. ಹಳಿಯಾಳ ಅಂದಳು. ಅದು ಆಫ್ರಿಕಾದಲ್ಲಿ ಎಲ್ಲಿ ಬರುತ್ತದೆ ಎಂದ. ಧಾರವಾಡದಿಂದ ಬಸ್ಸು ಹತ್ತಿದರೆ ಬರುತ್ತದೆ ಎಂದು ಅವಳು ಅಚ್ಚ ಮರಾಠಿಯಲ್ಲಿ ಜಾಡಿಸಿದ ಮೇಲೆ ಠಸ್ಸೆ ಒತ್ತಿದ. ಹುಟ್ಟಿದಂದಿನಿಂದ ಇದೇ ಪ್ರಶ್ನೆಗೆ ಉತ್ತರ ಕೊಟ್ಟು ಅವಳಿಗೆ ಬೇಸತ್ತು ಹೋಗಿದೆ. ಕೇಳುವವರಿಗೆ ಮಾತ್ರ ಬೇಸರವಿಲ್ಲ.

ಮುಂದಿನ ಪಾಳಿ ನನ್ನದು. ಅಪ್ಪ ಗುಮ್ಮನ ತಲೆಯನ್ನು ಮಣ್ಣಿನಲ್ಲಿ ಮಾಡಿ, ಒಣಗಿಸಿ, ಕಣ್ಣಿನ ಜಾಗ ನುಣ್ಣಗೆ ಬಿಟ್ಟು ಕೊಟ್ಟಿದ್ದ. ಫೋಟೊದಲ್ಲಿ ತಿಳಿಯದವರಿಗೆ ಕೈಯಲ್ಲಿ ಹಿಡಿದರೆ ತಿಳಿಯುತ್ತದೆ ಎಂದು ಅವನ ಲೆಕ್ಕಾಚಾರ. ಚೀಲ ತಪಾಸಣೆಯವಳು ಅದನ್ನು ಹೊರಗೆ ತೆಗೆಸಿ ಏನಿದು ಎಂದು ಕೇಳಿದಳು. ಗುಮ್ಮ ಅಂದೆ. ದೇವರೋ ಎಂದಳು. ಅಲ್ಲ. ಆಟಿಕೆಯೋ? ಅಲ್ಲ. ಹಾಗಾದರೆ ಏನು? ಕೆಲಸ ಅಂದೆ. ಅವಳು ಇನ್ನಿಬ್ಬರನ್ನು ಕರೆದಳು. ಮೂವರೂ ಸೇರಿ ಕುಟ್ಟಿ, ಮೂಸಿ ನೋಡಿ, ಕಡೆಗೆ ಇದಕ್ಕೆ ಕಣ್ಣು ಯಾಕಿಲ್ಲ ಎಂದು ಕೇಳಿದರು. ನೋಡಿ, ವಿಮಾನ ನಿಲ್ದಾಣದಲ್ಲಿ ಚೀಲ ತಪಾಸಣೆ ಮಾಡುವವರಿಗೆ ಕೂಡ ಕೇಳಬೇಕು ಅನ್ನಿಸಿತು.

ತಾಂಪೆರೆ, ಬಂದ ದಿನ

ಆ ಊರಿನ ಹೆಸರು ತಾಂಪೆರೆ. ಊರಿನ ನಡುವೆಯೇ ಹೊಳೆ ಧುಮುಕುತ್ತ ಹೋಗುತ್ತದೆ. ಎರಡೂ ದಂಡೆಗೆ ಕೆಂಪು ಇಟ್ಟಿಗೆಯ ಹಳೆಯ ಕಾರ್ಖಾನೆಗಳು, ಬಟ್ಟೆಯವು, ಕಾಗದದವು. ಸುತ್ತ ಕಾಡು. ಜೂಲಿ ಸೇತುವೆಯ ಮೇಲೆ ನಿಂತು ಎಲ್ಲವನ್ನೂ ಒಮ್ಮೆ ನೋಡಿ ಚೀಲ ಕೆಳಗಿಟ್ಟಳು.

“ಹೊಳಿ ಐತಿ, ಕಾಗದದ ಫ್ಯಾಕ್ಟರಿ ಐತಿ, ಅಡವಿ ಐತಿ. ವೈಜಕ್ಕಾ, ಇಷ್ಟ ದೂರ ಬಂದು ದಾಂಡೇಲಿಗೇ ಇಳದೇವಲ್ಲ.”

ಆದರೆ ದಾಂಡೇಲಿಯಲ್ಲಿ ಜನ ಮಾತಾಡುತ್ತಾರೆ. ಇಲ್ಲಿ ಬಸ್ ನಿಲ್ದಾಣದಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ನಡುವೆ ಒಂದು ಎತ್ತು ಕಟ್ಟುವಷ್ಟು ಜಾಗ ಬಿಟ್ಟು ನಿಲ್ಲುತ್ತಾರೆ. ನಾನು ರೂಢಿಯಂತೆ ನೆರಳಿದ್ದ ಕಡೆ ಹೋಗಿ ಒಬ್ಬ ಮುದುಕಿಯ ಪಕ್ಕ ನಿಂತೆ. ಆಕೆ ಒಂದು ಹೆಜ್ಜೆ ಸರಿದಳು. ಜಾಗ ಕೊಟ್ಟಳೆಂದು ನಾನೂ ಸರಿದೆ. ಹೀಗೇ ಸರಿಯುತ್ತ ಸರಿಯುತ್ತ ಪಾಪ ಆ ಮುದುಕಿ ಬಿಸಿಲಿಗೆ ಬಂದು ನಿಂತಳು, ಒಂದು ಮಾತೂ ಆಡಲಿಲ್ಲ. ಬಸ್ಸಿನಲ್ಲಿ ನಾವಿಬ್ಬರು ಮಾತಾಡಿದರೆ ಇಡೀ ಬಸ್ಸಿಗೆ ನಮ್ಮದೇ ಆಕಾಶವಾಣಿ. ಕಡೆಗೆ ನಾವೂ ಪಿಸುಗುಟ್ಟಲು ಶುರು ಮಾಡಿದೆವು, ಸಾವಿನ ಮನೆಗೆ ಬಂದವರಂತೆ.

ಜೂಲಿಗೆ ಇನ್ನೊಂದು ಕಷ್ಟ ಶುರುವಾಯಿತು. ಅಂಗಡಿಯಲ್ಲಿ, ಬಸ್ಸಿನಲ್ಲಿ, ಹೋಟೆಲಿನಲ್ಲಿ ಯಾರೂ ಅವಳನ್ನು ಯಾವ ದೇಶದವಳು ಎಂದು ಕೇಳಲಿಲ್ಲ. ಮೊದಲ ದಿನ ಖುಷಿಪಟ್ಟಳು. ಎರಡನೆಯ ದಿನ ಮುಖ ಸಪ್ಪಗಾಯಿತು. ಇಷ್ಟು ವರ್ಷ ಕೇಳಬೇಡಿ ಎಂದು ಜಗಳಾಡಿದ್ದೇನೆ, ಈಗ ಯಾರೂ ಕೇಳದಿದ್ದರೆ ಒಂಥರಾ ಆಗುತ್ತದೆ, ನಾನೇ ಹಿಡಿದು ನಿಲ್ಲಿಸಿ ಹಳಿಯಾಳ ಅಂತ ಹೇಳಬೇಕು ಅನ್ನಿಸುತ್ತದೆ ಎಂದಳು. ಹೇಳು ಅಂದೆ. ಯಾರಿಗೆ ಹೇಳುವುದು, ನಾನು ಬಂದರೆ ಅವರು ಸರಿಯುತ್ತಾರಲ್ಲ ಎಂದಳು.

ಸ್ಟುಡಿಯೊ ಇದ್ದದ್ದು ಅಂಥದೇ ಒಂದು ಹಳೆಯ ಕಾರ್ಖಾನೆಯಲ್ಲಿ. ಬಾಗಿಲಲ್ಲೇ ಎಲ್ಲರೂ ಬೂಟು ಬಿಟ್ಟು ಒಳಗೆ ಹೋಗುತ್ತಾರೆ. ನಮ್ಮ ಮನೆಯ ಪದ್ಧತಿಯೇ ಎಂದು ಸಂತೋಷಪಡುವಷ್ಟರಲ್ಲಿ ನನ್ನ ಕಾಲುಚೀಲದಿಂದ ಹೆಬ್ಬೆರಳು ಹೊರಗೆ ಬಂದು ಊರು ನೋಡುತ್ತಿರುವುದು ಕಂಡಿತು. ಹಳಿಯಾಳದಲ್ಲಿ ವರ್ಷವಿಡೀ ಚಪ್ಪಲಿ ಹಾಕುವವಳು ನಾನು. ಕಾಲುಚೀಲವನ್ನು ತಿರುಗಿಸಿ ನೋಡಿ ಯಾರು ಇಟ್ಟುಕೊಳ್ಳುತ್ತಾರೆ? ಉಳಿದ ಮೂರೂ ದಿನ ಎಡಗಾಲನ್ನು ಬಲಗಾಲಿನ ಹಿಂದೆ ಬಚ್ಚಿಟ್ಟುಕೊಂಡು ನಿಂತೆ. ಅವರು ಅದನ್ನು ನಮ್ಮ ಕಡೆಯ ವಿನಯ ಅಂದುಕೊಂಡಿರಬೇಕು.

ಸ್ಟುಡಿಯೊದ ಮುಖ್ಯಸ್ಥ ಯುಕ್ಕಾ. ಬಾಗಿಲ ಚೌಕಟ್ಟಿಗೆ ತಲೆ ತಾಗುವಷ್ಟು ಎತ್ತರ, ದಿನಕ್ಕೆ ಒಂದೆರಡು ವಾಕ್ಯದಷ್ಟು ಮಾತು. ಗುಮ್ಮ ಎನ್ನುವುದನ್ನು ಮಾತ್ರ ಒತ್ತು ಕೊಟ್ಟು ಸರಿಯಾಗಿ ಅನ್ನುತ್ತಿದ್ದ. ಅಪ್ಪ ಮಾಡಿದ ಮಣ್ಣಿನ ತಲೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಬಹಳ ಹೊತ್ತು ನೋಡಿದ. ಕಣ್ಣಿನ ಜಾಗವನ್ನು ಬೆರಳಿನಿಂದ ಸವರಿದ. ಸದ್ಯ, ಇವನಿಗಾದರೂ ಹೊಳೆಯಿತು ಅಂದುಕೊಂಡೆ. ಮರುದಿನ ಬಂದು ನೋಡಿದರೆ ಅದು ಬಾಗಿಲ ಬಳಿಯ ಗಾಜಿನ ಪೆಟ್ಟಿಗೆಯಲ್ಲಿ ಕೂತಿತ್ತು, ಮೇಲೊಂದು ದೀಪ, ಕೆಳಗೆ ನನ್ನ ಹೆಸರು. ಹೆಸರು ತೆಗೆಸಲು ಬಂದವಳ ಹೆಸರನ್ನು ಇನ್ನೊಂದು ಕಡೆ ಬರೆದಿದ್ದರು.

ಸೌನಾ

ಭಾಷಣದ ಹಿಂದಿನ ದಿನ ಹೆನ್ನಾ ಎಂಬ ಹುಡುಗಿ, ನಮ್ಮನ್ನು ನೋಡಿಕೊಳ್ಳಲು ನೇಮಿಸಿದವಳು, ನಮ್ಮನ್ನು ಸೌನಾಕ್ಕೆ ಕರೆದಳು. ಮರದ ಕೋಣೆಯಲ್ಲಿ ಕಲ್ಲು ಕಾಯಿಸಿ, ನೀರು ಸುರಿದು, ಹಬೆಯಲ್ಲಿ ಕೂಡುವ ಅವರ ಸ್ನಾನ. ದೀಪಾವಳಿಯ ಎಣ್ಣೆಸ್ನಾನಕ್ಕೆ ಬಚ್ಚಲ ಒಲೆ ಉರಿಸಿ ಬೆಳೆದವರು ನಾವು, ಹಬೆಗೆ ಹೆದರುತ್ತೇವೆಯೇ ಎಂದು ಹೊರಟೆವು. ಯಾರೂ ಮುಂಚಿತವಾಗಿ ಹೇಳದ ಸಂಗತಿ ಏನೆಂದರೆ ಒಳಗೆ ಯಾರ ಮೈಮೇಲೂ ಒಂದು ಎಳೆ ಬಟ್ಟೆ ಇರುವುದಿಲ್ಲ. ನಾನು ಚೂಡಿದಾರ, ದುಪಟ್ಟಾ ಸಮೇತ ಬಾಗಿಲು ತೆಗೆದೆ. ಆಫೀಸಿನ ಹೆಂಗಸರೆಲ್ಲ, ಲೆಕ್ಕಪತ್ರ ನೋಡುವ ಹಿರಿಯರೂ ಸೇರಿ, ಹುಟ್ಟಿದ ದಿನದಂತೆ ಮೆಟ್ಟಿಲ ಮೇಲೆ ಸಾಲಾಗಿ ಕೂತಿದ್ದರು. ಎಲ್ಲರೂ ನನ್ನನ್ನೇ ನೋಡಿದರು. ಅಲ್ಲಿ ನಾಚಿಕೆಗೇಡಿಯಾಗಿ ಕಂಡವಳು ಬಟ್ಟೆ ಹಾಕಿಕೊಂಡವಳು.

ಜೂಲಿ ನನ್ನ ಬೆನ್ನ ಹಿಂದಿನಿಂದ ಇಣುಕಿ ಹಾಗೇ ತಿರುಗಿ ಓಡಿದಳು. ಬಾಗಿಲು ಮುಚ್ಚಿಕೊಂಡಿತು. ತಿರುಗಿ ಹೋಗಲು ಮುಖವಿಲ್ಲದೆ ನಾನು ಬಟ್ಟೆಯಲ್ಲೇ ಕೂತು ಇಡ್ಲಿಯಂತೆ ಬೆಂದೆ. ಆದರೆ ಅಲ್ಲೊಂದು ಆಶ್ಚರ್ಯ. ಹೊರಗೆ ತುಟಿ ಬಿಚ್ಚದ ಜನ ಆ ಹಬೆಯಲ್ಲಿ ಮಾತಾಡುತ್ತಾರೆ. ಹೆನ್ನಾ ತನ್ನ ಅಜ್ಜಿಯ ಕಥೆ ಹೇಳಿದಳು. ನಾನೂ ಧೈರ್ಯ ಮಾಡಿ, ಗುಮ್ಮನಿಗೆ ಕಣ್ಣು ಇದ್ದರೆ ನಿಮಗೆ ಹೇಗನ್ನಿಸುತ್ತದೆ ಎಂದು ಕೇಳಿದೆ. ಅವಳು ಗಾಬರಿಯಾದಳು. ಇಡೀ ಆಟ ಅವನ ಕುರುಡಿನ ಮೇಲೆ ನಿಂತಿದೆ, ಆಡುವವನು ಸದ್ದು ಮಾಡದೆ ನಿಂತರೆ ಉಳಿಯುತ್ತಾನೆ, ಸದ್ದು ಮಾಡಿದರೆ ಸತ್ತ. ಒಂದು ವರ್ಷದ ಕೆಲಸ ಅದು, ಈಗ ಅವನು ನೋಡಲು ಶುರು ಮಾಡಿದರೆ ಎಲ್ಲ ಕುಸಿಯುತ್ತದೆ ಎಂದಳು. ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ, ಅದೇ ನನಗೆ ಇನ್ನಷ್ಟು ಸಿಟ್ಟು ತರಿಸಿತು.

ಹೊರಗೆ ಜೂಲಿ ಬೆಂಚಿನ ಮೇಲೆ ಕೂತು ಯಾರೋ ಕೊಟ್ಟ ಕರಿ ಮಿಠಾಯಿಯನ್ನು ಚಾಕಲೇಟು ಅಂದುಕೊಂಡು ಬಾಯಿಗೆ ಹಾಕಿ ಕಣ್ಣಲ್ಲಿ ನೀರು ತಂದುಕೊಂಡಿದ್ದಳು. ನಾನೂ ತಿಂದು ನೋಡಿದೆ. ಉಪ್ಪು, ಒಗರು, ಮೂಗಿಗೆ ಹೊಡೆಯುವ ಘಾಟು. ಕಲಾಯಿ ಮಾಡುವವರು ಪಾತ್ರೆಗೆ ಉಜ್ಜುವ ನವಸಾಗರದ ರುಚಿ. ಇದನ್ನು ಮಕ್ಕಳು ಹಟಮಾಡಿ ತಿನ್ನುತ್ತಾರಂತೆ. ಹೆನ್ನಾ ಹೇಳಿದ್ದನ್ನು ಜೂಲಿಗೆ ಹೇಳಿದೆ.

“ಸುಮ್ನಿದ್ದಾವ ಬದಕ್ತಾನ, ಮಾತಾಡಿದಾವ ಸಾಯ್ತಾನ. ಅಕ್ಕಾ, ಇವರು ಆಟ ಮಾಡಿಲ್ಲ, ತಮ್ಮ ಊರನ್ನ ಮಾಡ್ಯಾರ” ಎಂದು ಅವಳು ಮಿಠಾಯಿಯನ್ನು ಕಾಗದದಲ್ಲಿ ಉಗುಳಿದಳು.

ಭಾಷಣ

ದೊಡ್ಡ ಪರದೆಯ ಮೇಲೆ ಕಣ್ಣಿಲ್ಲದ ಗುಮ್ಮ. ಎದುರಿಗೆ ಇಡೀ ಸ್ಟುಡಿಯೊ ಕಾಲುಚೀಲದಲ್ಲಿ, ಕೈಯಲ್ಲಿ ಕಾಫಿ ಹಿಡಿದು ಕೂತಿತ್ತು. ಸಂಜೆಗೆ ಬೀಗ ಬೀಳುವುದಿತ್ತು. ನಾನು ಎಡಗಾಲು ಬಚ್ಚಿಟ್ಟುಕೊಂಡು ಎದ್ದು ನಿಂತು, ಕಣ್ಣು ನಾನು ತೆಗೆದದ್ದಲ್ಲ, ಇನ್ನೂ ಇಟ್ಟಿರಲಿಲ್ಲ ಎಂದೆ. ನಮ್ಮ ಮನೆಯ ಕ್ರಮ ಹೇಳಿದೆ. ಕುಳಗಿಯ ಕಾಡುಕೋಣದ ಕಥೆ ಹೇಳಿದೆ. ಅವನು ಕಾಡು ಕಾಯುವವನು, ಕಾಯುವವನು ನೋಡದಿದ್ದರೆ ಹೇಗೆ ಎಂದೆ. ನಾನು ಕಣ್ಣು ಬರೆಯಲು ಬಂದಿದ್ದೇನೆ, ಆಗದಿದ್ದರೆ ನನ್ನ ಹೆಸರು ತೆಗೆಯಿರಿ ಎಂದು ಮುಗಿಸಿದೆ.

ಯಾರೂ ಏನೂ ಅನ್ನಲಿಲ್ಲ.

ನಮ್ಮ ಕಡೆ ಮಾತು ಮುಗಿದ ಮೇಲೆ ಇಷ್ಟು ಹೊತ್ತು ಯಾರೂ ಸುಮ್ಮನೆ ಕೂಡುವುದಿಲ್ಲ. ಕೂತರೆ ಜಗಳ ಹತ್ತಿದೆ ಎಂದೇ ಅರ್ಥ. ತಿಳಿದಿಲ್ಲವೇನೋ ಎಂದು ಮತ್ತೊಮ್ಮೆ ಹೇಳಿದೆ. ಮತ್ತೂ ಸುಮ್ಮನಿದ್ದರು. ಮೂರನೆಯ ಸಲ ಹೇಳುವಾಗ ನನಗೆ ತಲೆ ಕೆಟ್ಟು, ಇವರೇನು ಕಲ್ಲೋ ಮನುಷ್ಯರೋ ಎಂದು ಕನ್ನಡದಲ್ಲೇ ಅಂದುಬಿಟ್ಟೆ. ಜೂಲಿ ನನ್ನ ದುಪಟ್ಟಾ ಎಳೆದು ಕೂಡಿಸಿದಳು. ಯುಕ್ಕಾ ಬಾಯಿ ತೆರೆದು, ಆಟವನ್ನು ಈಗ ಬದಲಾಯಿಸಲು ಆಗುವುದಿಲ್ಲ, ಈ ಮುಖದಲ್ಲಿ ಕಣ್ಣಿಗೆ ಜಾಗವೂ ಇಲ್ಲ ಎಂದ. ಅವನ ದನಿಯಲ್ಲಿ ಬೇಸರವಿತ್ತು, ಆದರೆ ಅನುಮಾನವಿರಲಿಲ್ಲ.

ಆಗ ಜೂಲಿ ಎದ್ದು ಕಂಪ್ಯೂಟರಿನ ಮುಂದೆ ಕೂತಳು. ಪರದೆಯ ಮೇಲೆ ಗುಮ್ಮನ ತಲೆಯನ್ನು ಹತ್ತಿರ ತಂದಳು. ಏನೋ ಒತ್ತಿದಳು. ಮೇಲಿನ ಚರ್ಮ ಮಾಯವಾಯಿತು. ಒಳಗೆ, ಹುಬ್ಬಿನ ಎಲುಬಿನ ಕೆಳಗೆ, ಎರಡು ದುಂಡನೆಯ ಬಿಳಿ ಗುಡ್ಡೆಗಳಿದ್ದವು.

ಕಣ್ಣಿನ ಗುಡ್ಡೆ ಮೊದಲು ಇಟ್ಟುಕೊಳ್ಳದೆ ಯಾವ ಮುಖವನ್ನೂ ಕಟ್ಟಲು ಬರುವುದಿಲ್ಲ, ಹಣೆ ಎಲ್ಲಿ ಮುಗಿದು ಕೆನ್ನೆ ಎಲ್ಲಿ ಶುರುವಾಗಬೇಕೆಂದು ತಿಳಿಯುವುದಿಲ್ಲ ಎಂದು ಅವಳು ಇಂಗ್ಲಿಷಿನಲ್ಲಿ ವಿವರಿಸಿದಳು. ನನ್ನ ಚಿತ್ರದಲ್ಲಿ ಇರದಿದ್ದರೂ ರೂಢಿಯಂತೆ ಮೊದಲು ಗುಡ್ಡೆ ಇಟ್ಟು, ಅದರ ಮೇಲೆ ರೆಪ್ಪೆ ಎಳೆದು, ರೆಪ್ಪೆಯ ಗೆರೆಯನ್ನು ತೀಡಿ ಮುಚ್ಚಿದ್ದಳು. ಅಂದರೆ ನಮ್ಮ ಗುಮ್ಮ ಮೊದಲಿನಿಂದಲೂ ಕುರುಡನಾಗಿರಲಿಲ್ಲ. ಕಣ್ಣು ಮುಚ್ಚಿಕೊಂಡಿದ್ದ.

ನಾನು ಅವಳನ್ನು ದುರುಗುಟ್ಟಿ ನೋಡಿದೆ. ಇಷ್ಟು ದಿನ, ಆ ವಿಮಾನ, ಆ ಹಬೆ, ಆ ನವಸಾಗರ!

“ನನಗ್ಯಾಕ ಹೇಳಲಿಲ್ಲ?”

“ನೀ ಕೇಳಲಿಲ್ಲಲ್ಲ ಅಕ್ಕಾ. ಮುಖಕ್ಕ ಕಣ್ಣು ಇರ್ತಾವಂತ ನಿನಗ ಗೊತ್ತಿರತೈತಿ ಅಂತ ನಾ ತಿಳಕೊಂಡಿದ್ದೆ.”

ಯುಕ್ಕಾ ಕಾಫಿಯ ಲೋಟ ಕೆಳಗಿಟ್ಟು ಪರದೆಯ ಹತ್ತಿರ ಬಂದ. ಬಹಳ ಹೊತ್ತು ನೋಡಿದ. ರೆಪ್ಪೆ ತೆರೆದರೆ ಹೇಗಿರುತ್ತದೆ, ಬರೆದು ತೋರಿಸಿ ಎಂದ.

ನಾನು ಪೆನ್ನು ಹಿಡಿದೆ. ಹಿಡಿದವಳು ಬಾಯಿತಪ್ಪಿ, ಎದುರಿಗೆ ಯಾರೂ ನಿಲ್ಲಬೇಡಿ, ಬದಿಗೆ ಸರಿಯಿರಿ ಎಂದು ಅಪ್ಪನ ದನಿಯಲ್ಲೇ ಗದರಿದೆ. ನಮ್ಮೂರಲ್ಲಾದರೆ ಸರಿಯಿರಿ ಎಂದು ಹತ್ತು ಸಲ ಹೇಳಬೇಕು, ಹೇಳಿದ ಮೇಲೂ ಒಬ್ಬ ಇಣುಕುತ್ತಾನೆ. ಇವರು ಒಂದೇ ಸಲಕ್ಕೆ ಎದ್ದು, ಕಾಫಿ ಸಮೇತ, ಕಿಟಕಿಯ ಗೋಡೆಗೆ ಸಾಲಾಗಿ ನಿಂತರು. ಯಾಕೆ ಎಂದು ಒಬ್ಬರೂ ಕೇಳಲಿಲ್ಲ. ನಾನು ಕುಳಗಿಯ ಆ ಬೆಳಗನ್ನು ನೆನೆಸಿಕೊಂಡು ಬರೆದೆ. ಕೈ ಅಲುಗಲಿಲ್ಲ. ಬರೆದು ಮುಗಿಸಿ, ಬಣ್ಣ ತಿದ್ದಿ, ನೀರು ಕುಡಿದು ತಿರುಗಿ ನೋಡಿದರೆ ಅವರು ಇನ್ನೂ ಗೋಡೆಗೆ ನಿಂತೇ ಇದ್ದರು. ಬನ್ನಿ ಎಂದು ಯಾರೂ ಹೇಳಿರಲಿಲ್ಲವಂತೆ.

ಬಂದು ನೋಡಿದರು. ಹೆನ್ನಾ ಒಂದು ಹೆಜ್ಜೆ ಹಿಂದೆ ಸರಿದಳು. ಯೋಚಿಸುತ್ತೇನೆ ಎಂದು ಹೇಳಿ ಯುಕ್ಕಾ ತನ್ನ ಕೋಣೆಗೆ ಹೋದ. ನಮ್ಮ ಕಡೆ ಯಾರಾದರೂ ನೋಡೋಣ, ಯೋಚಿಸೋಣ ಅಂದರೆ ಮನೆಗೆ ಹೋಗು ಎಂದು ಅರ್ಥ. ನಾವು ಬೂಟು ಹಾಕಿಕೊಂಡು ಹೊರಟೆವು. ಗಾಜಿನ ಪೆಟ್ಟಿಗೆಯ ದೀಪ ಉರಿಯುತ್ತಲೇ ಇತ್ತು.

ಮರಳುವ ರೈಲು

ರೈಲಿನಲ್ಲಿ ಕೂತಾಗ ನನ್ನ ಫೋನಿಗೆ ಯುಕ್ಕಾನ ಸಂದೇಶ ಬಂತು. ಓಕೆ. ಅಷ್ಟೇ.

ಏನು ಓಕೆ? ಕಣ್ಣು ಓಕೆಯೋ, ಹೆಸರು ತೆಗೆಯುವುದು ಓಕೆಯೋ? ಜೂಲಿ ಕಣ್ಣೇ ಅಂದಳು. ಹೆಸರೇ ಇರಬೇಕು ಎಂದು ನಾನು ಅಂದೆ. ಪಿಸುಮಾತು ಮರೆತು ಇಬ್ಬರೂ ಜಗಳಾಡಿದೆವು, ಬೋಗಿಯವರೆಲ್ಲ ಕಿಟಕಿಯ ಹೊರಗೆ ನೋಡಿದರು. ಕಡೆಗೆ ಕೇಳಿಯೇ ಬಿಟ್ಟೆ: ಗುಮ್ಮನಿಗೆ ಕಣ್ಣು ಇರುತ್ತದೋ ಇಲ್ಲವೋ?

ಹೌದು ಎಂದು ಉತ್ತರ ಬಂತು.

ಹಣೆ ಹಣೆ ಚಚ್ಚಿಕೊಂಡೆ. ಇನ್ನೊಮ್ಮೆ ಕೇಳೋಣ ಎಂದರೆ ಅವರ ಶನಿವಾರ, ಭಾನುವಾರ ಬಂತು. ಆ ಎರಡು ದಿನ ಅವರು ಕಾಡಿನೊಳಗೆ ಮರದ ಮನೆಗಳಿಗೆ ಹೋಗಿ ಫೋನು ಬಂದ್ ಮಾಡುತ್ತಾರೆ. ನಮ್ಮ ಜೋಯಿಡಾದ ಕಾಡಿನಲ್ಲಿ ನೆಟ್‌ವರ್ಕ್ ಬರಲಿ ಎಂದು ಜನ ಗುಡ್ಡ ಹತ್ತಿ ಕೈ ಎತ್ತಿ ನಿಲ್ಲುತ್ತಾರೆ. ಇವರು ನೆಟ್‌ವರ್ಕ್ ಇರುವ ಕಾಡಿಗೆ ಹೋಗಿ ಬಂದ್ ಮಾಡಿಕೊಂಡು ಕೂಡುತ್ತಾರೆ. ಆ ‘ಹೌದು’ ಹೊಟ್ಟೆಯಲ್ಲಿಟ್ಟುಕೊಂಡೇ ಮುಂಬಯಿ ದಾಟಿ ಗೋವಾದಲ್ಲಿ ಇಳಿದು, ರಾಮನಗರದ ರಸ್ತೆಯ ಹೊಂಡಗಳಲ್ಲಿ ಏಳುತ್ತ ಬೀಳುತ್ತ ಮನೆ ಮುಟ್ಟಿದೆವು.

ಹಳಿಯಾಳ, ಚೌತಿಯ ಮುನ್ನಾದಿನ

ಅಪ್ಪ ಉಂಡೆಯಾ, ಮಲಗಿದೆಯಾ ಎಂದು ಕೇಳಲಿಲ್ಲ. ಬರೆದೆಯಾ ಎಂದು ಕೇಳಿದ. ಬರೆದೆ, ಆದರೆ ಇಟ್ಟುಕೊಂಡರೋ ಇಲ್ಲವೋ ಗೊತ್ತಿಲ್ಲ ಅಂದೆ. ಅವನು ಕುಂಚ ತೊಳೆದು ನನ್ನ ಕೈಯಲ್ಲಿಟ್ಟ. ಮಣೆಯ ಮೇಲೆ ಗಣಪತಿಗಳು ಸಾಲಾಗಿ ಕಾಯುತ್ತಿದ್ದವು. ಒಂದೊಂದಾಗಿ ಕಣ್ಣು ಬರೆಯುತ್ತ ಹೋದೆ, ಅಪ್ಪ ಒಯ್ಯಲು ಬಂದವರನ್ನು ಬದಿಗೆ ಸರಿಸುತ್ತ, ಬೈಯುತ್ತ ನಿಂತ. ಮಧ್ಯಾಹ್ನ ಜೂಲಿ ದಾಂಡೇಲಿಯಿಂದ ಓಡಿಬಂದಳು. ಯುಕ್ಕಾನ ಪತ್ರ ಇಬ್ಬರಿಗೂ ಬಂದಿತ್ತು, ನನ್ನದನ್ನು ನಾನು ನೋಡಿರಲಿಲ್ಲ.

ಅವನ ಜನ್ಮದಲ್ಲೇ ಅಷ್ಟು ಉದ್ದ ಬರೆದಿರಲಾರ. ಗುಮ್ಮ ಆಟವಿಡೀ ಕಣ್ಣು ಮುಚ್ಚಿಕೊಂಡೇ ಇರುತ್ತಾನೆ, ಆದ್ದರಿಂದ ಯಾರ ಕೆಲಸವೂ ಹಾಳಾಗುವುದಿಲ್ಲ. ಕಟ್ಟಕಡೆಗೆ ಒಮ್ಮೆ ತೆರೆಯುತ್ತಾನೆ, ನಾನು ಬರೆದ ಕಣ್ಣನ್ನೇ. ಆದರೆ ಆಡುವವನು ಅವನ ಎದುರಿಗೆ ನಿಂತಿದ್ದರೆ ತೆರೆಯುವುದಿಲ್ಲ, ಬದಿಗೆ ಸರಿದು ದಾರಿ ಬಿಡಬೇಕು. ನೀವೇ ಹೇಳಿದ್ದಿರಲ್ಲ ಎಂದು ಬರೆದಿದ್ದ. ಹೆಸರು ಇದ್ದಲ್ಲೇ ಇರುತ್ತದೆ. ಜೊತೆಗೆ ವಿಡಿಯೊ ಇತ್ತು.

ನಾನು ಅಳಲಿಲ್ಲ, ಕೈಯಲ್ಲಿ ಬಣ್ಣವಿತ್ತು. ಜೂಲಿ ನನ್ನ ಪರವಾಗಿ ಅತ್ತಳು. ಫೋನನ್ನು ಬಣ್ಣದ ಡಬ್ಬಿಗೆ ಒರಗಿಸಿ ನಿಲ್ಲಿಸಿ ಮೂವರೂ ಎದುರಿಗೆ ಬಾಗಿದೆವು. ಗುಮ್ಮ ಮರಗಳ ನಡುವೆ ನಿಂತಿದ್ದ. ಎದೆ ಏರಿ ಇಳಿಯುತ್ತಿತ್ತು, ಮೂಗಿನ ಮುಂದಿನ ಎಲೆ ಅವನ ಉಸಿರಿಗೆ ಅಲ್ಲಾಡುತ್ತಿತ್ತು. ಹುಬ್ಬಿನ ಕೆಳಗೆ, ಜೂಲಿ ಗುಡ್ಡೆ ಬಚ್ಚಿಟ್ಟಿದ್ದ ಆ ಜಾಗದಲ್ಲಿ, ರೆಪ್ಪೆ ಮಿಸುಕಿತು.

“ಏ, ಎದರಿಗಿ ನಿಂದರಬ್ಯಾಡ್ರಿ. ಸರೀರಿ ಆ ಕಡೆ.” ಅಪ್ಪ ನಮ್ಮಿಬ್ಬರ ರಟ್ಟೆ ಹಿಡಿದು ಎಳೆದೇಬಿಟ್ಟ.

“ಅಪ್ಪಾ, ಅದು ವಿಡಿಯೊ.”

“ಉಸರಾಡ್ತೈತಿಲ್ಲೋ?”

ಅದಕ್ಕೆ ಏನು ಹೇಳುತ್ತೀರಿ? ಬೇಕಾದರೆ ಎರಡನೆಯ ಸಲ ಹಚ್ಚಿ ನೋಡಿಕೊಳ್ಳಿ, ಮೊದಲನೆಯದಕ್ಕೆ ಎದುರಿಗೆ ಯಾರೂ ಬೇಡ ಎಂದು ಅಪ್ಪ ಹಿಡಿದ ಕೈ ಬಿಡಲಿಲ್ಲ. ಫೋನಿನ ಎದುರಿಗಿದ್ದದ್ದು ಆಗಷ್ಟೇ ಕಣ್ಣು ಒಣಗುತ್ತಿದ್ದ ಗಣಪತಿಗಳ ಸಾಲು. ಗುಮ್ಮ ಅವುಗಳನ್ನು ನೋಡಿದನೋ, ಅವು ಗುಮ್ಮನನ್ನು ನೋಡಿದವೋ ನನಗೆ ಗೊತ್ತಿಲ್ಲ. ಫಿನ್‌ಲ್ಯಾಂಡಿನವರೆಗೆ ಹೋಗಿ ಜಗಳಾಡಿ ಕೊಟ್ಟುಬಂದ ಕಣ್ಣು ತೆರೆದಾಗ, ಅದನ್ನು ಬರೆದ ನಾನು, ಕಟ್ಟಿದ ಜೂಲಿ, ಬರೆದು ಬಾ ಎಂದು ಕಳಿಸಿದ ಅಪ್ಪ, ಮೂವರೂ ಗೋಡೆಗೆ ಬೆನ್ನು ಹಚ್ಚಿ ಫೋನಿನ ಹಿಂಬದಿಯನ್ನು ನೋಡುತ್ತ ನಿಂತಿದ್ದೆವು.